ಕೈ ಕೊಡವುವ ಗಫಾರ್

ರಾಮನಗರದ ಗಫಾರ್ ಮನೆಯ ಹಿಂದಿನ ಚರಕದ ಮುಂದೆ ಕೂತು, ಬೆಂದ ರೇಷ್ಮೆಗೂಡಿನಿಂದ ಎಳೆ ಹುಡುಕಿ, ಬಿಸಿನೀರಿನಿಂದ ಹೊರಬಂದ ಬೆರಳನ್ನು ಫಟ್ಟೆಂದು ಎರಡು ಸಲ ಕೊಡವುವನು. ಸುಡುವ ನೀರು ಹಾರಿಹೋಗಲೆಂದು. ಹರೆಯದಲ್ಲಿ, ಸಂಜೆಯ ಕರಾಟೆ ಕ್ಲಾಸಿನಲ್ಲಿ ಒದೆಯುವ ಮುನ್ನವೂ ಕೈ ತಾನಾಗಿ ಹಾಗೆಯೇ ಕೊಡವಿಕೊಳ್ಳುತ್ತಿತ್ತು.

ಬಿಡದಿಯಿಂದ ರೈಲಿನಲ್ಲಿ ಬಂದು ಜೊತೆಗೆ ಕಲಿಯುತ್ತಿದ್ದ ಶಶಿಕಿರಣ್ ನಗುತ್ತಿದ್ದ. "ಏನ್ಲಾ, ಒದೆಯಕ್ ಮುಂಚೆ ಕೋಳಿಗೆ ಕಾಳು ಎರಚ್ತೀಯಾ?"

ಗಫಾರ್‌ನಷ್ಟು ಎತ್ತರಕ್ಕೆ ಶಶಿಯ ಕಾಲು ಏಳುತ್ತಿರಲಿಲ್ಲ. ಆದರೂ ಸಿನಿಮಾಕ್ಕೆ ಹೋದವನು ಅವನೇ. ಹೀರೋಗಳ ಕೈಲಿ ಒದೆ ತಿನ್ನುತ್ತಾ ತಿನ್ನುತ್ತಾ ಹೀರೋ ಆದ. ಹೀರೋ ಆದ ಮೊದಲ ಚಿತ್ರದ ಕೊನೆಯ ಫೈಟಿಗೆ ಮುನ್ನ ಪರದೆಯ ಮೇಲೆ ಅವನು ಬೆರಳು ಕೊಡವಿದ, ಎರಡು ಸಲ. ಟಾಕೀಸು ಶಿಳ್ಳೆಯಲ್ಲಿ ಮುಳುಗಿತು. ಗಫಾರ್‌ನ ಬಾಯಲ್ಲಿದ್ದ ಕಡಲೆಕಾಯಿ ಬಾಯಲ್ಲೇ ಉಳಿಯಿತು.

ಆಮೇಲೆ ಅವನ ಒಂದು ಚಿತ್ರವನ್ನೂ ಗಫಾರ್ ಬಿಡಲಿಲ್ಲ. ಹೊರಗೆ ಬಂದು, "ಕಾಲೇ ಎತ್ತಕ್ಕಿಲ್ಲ ಅವ್ನು," ಅನ್ನುವನು. ಯಾವುದಾದರೂ ಸಂದರ್ಶನದಲ್ಲಿ ತನ್ನ ಹೆಸರು ಬಂದೀತೆಂದು ಮೊಬೈಲಿಗೆ ಕಿವಿ ಕೊಟ್ಟು ಕೂರುವನು. ಬರಲಿಲ್ಲ.

ಈ ವರ್ಷ ಶಶಿ ತಾನೇ ನಿರ್ದೇಶಿಸುವ ಚಿತ್ರಕ್ಕೆ ರಾಮನಗರದ ಬಂಡೆಗಳ ನಡುವೆ ಕ್ಯಾಮೆರಾ ಇಟ್ಟ. ಶೂಟಿಂಗ್ ನೋಡಲು ಸೇರಿದ್ದ ಗುಂಪಿನಲ್ಲಿ ಗಫಾರ್‌ನನ್ನು ಕಂಡು ತಬ್ಬಿಕೊಂಡ.

"ನನ್ ಎದುರಿಗ್ ನಿಂತ್ಕೊ ಬಾರ್ಲಾ. ಒಂದ್ ಒದೆ ತಿಂದು ಬಿದ್ಬುಡು, ಸಾಕು."

ಗಫಾರ್ ಒಪ್ಪಿದ. ಈ ಕೈ ಯಾರದೆಂದು ಊರೆಲ್ಲ ಇವತ್ತು ನೋಡಲಿ ಅಂದುಕೊಂಡ. ಆ್ಯಕ್ಷನ್ ಎಂಬ ಕೂಗು ಕೇಳಿದ ಕೂಡಲೇ ಬೆರಳು ಕೊಡವಿದ, ಎರಡು ಸಲ.

ಬಂಡೆಯ ಮೇಲಿಂದ ನಗು ಉರುಳಿ ಬಂತು. "ನೋಡ್ಲಾ, ಗಫಾರಣ್ಣ ಶಶಿಯಣ್ಣನ್ನೇ ಕಾಪಿ ಹೊಡೀತಾ ಅವ್ನೆ."

ಶಶಿ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. "ಅದೊಂದು ಬ್ಯಾಡ ಕಣ್ಲಾ. ಅದು ನಂದು."

ಗಫಾರ್ ಅವನ ಮುಖವನ್ನೇ ದಿಟ್ಟಿಸಿದ. ಕದ್ದವನ ಅಳುಕು ಎಲ್ಲೂ ಇರಲಿಲ್ಲ. ಎಲ್ಲಿಂದ ತಂದೆನೆಂಬುದು ಅವನಿಗೆ ಮರೆತೇ ಹೋಗಿತ್ತು. ಮತ್ತೆ ಕ್ಯಾಮೆರಾ ಓಡಿದಾಗ ಗಫಾರ್ ಕೈ ಬಿಗಿಹಿಡಿದು ನಿಂತ, ಒದೆ ತಿಂದ, ಬಿದ್ದ.

ಮರುದಿನ ಬೆಳಿಗ್ಗೆ ಬಿಸಿನೀರಿನಿಂದ ತೆಗೆದ ಕೈಯನ್ನು ಹಾಗೆಯೇ ಎತ್ತಿ ಹಿಡಿದು ಕೂತ. ಚರಕ ತಿರುಗಿಸುತ್ತಿದ್ದ ಹೆಂಡತಿ ಕರೀಮುನ್ನೀಸಾ ನಿಲ್ಲಿಸಿದಳು.

"ಕೊಡವ್ರೀ, ಸುಡಾಕಿಲ್ವಾ?"

ಅವನು ಕೊಡವಲಿಲ್ಲ. ನೀರು ಮೊಣಕೈಯವರೆಗೆ ಇಳಿಯುತ್ತಾ ಹೋಯಿತು.