ಹೊಸ್ತಿಲಾಚೆ ಕೂತು ರೊಟ್ಟಿ ಕಲಿಸಿದ ಖಾಲಾ

ಜೋಳದ ಹಿಟ್ಟಿನ ಮೇಲೆ ಕುದಿಯುವ ನೀರು ಸುರಿದಾಗ ಒಂದು ಹಬೆ ಏಳುತ್ತದೆ. ಅದು ಹಸಿ ಹಿಟ್ಟಿನ ವಾಸನೆಯೂ ಅಲ್ಲ, ಬೆಂದ ರೊಟ್ಟಿಯ ವಾಸನೆಯೂ ಅಲ್ಲ, ಎರಡರ ನಡುವಿನದು. ಮೊನ್ನೆ ಹೆಂಡತಿ ಮಗಳ ಮನೆಗೆ ಹೋಗಿದ್ದಳು. ನಾನೊಬ್ಬನೇ ಹಿಟ್ಟು ನಾದುವ ಪರಾತದ ಮುಂದೆ ಕುಳಿತು ನೀರು ಸುರಿದೆ. ಹಬೆ ಮುಖಕ್ಕೆ ಬಡಿದದ್ದೇ ತಡ, ಬೆನ್ನ ಹಿಂದೆ ಯಾರೋ "ಕೈ ಹಾಕಬ್ಯಾಡ ಬೇಟಾ, ಮೊದಲ ಸೌಟಲೆ ತಿರುವು" ಅಂದಂತಾಯಿತು…

ಎಪ್ಪತ್ತರ ದಶಕದ ಮಾತು. ಜೋರಾಪುರ ಪೇಟೆಯ ಓಣಿಯೊಂದರಲ್ಲಿ ನಮ್ಮ ಮನೆಗೂ ಖಾಲಾ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಮುಸ್ಲಿಮರು; ಉರ್ದುವಿನಲ್ಲಿ ಚಿಕ್ಕಮ್ಮ ಅನ್ನುವ ಅರ್ಥದಲ್ಲಿ ಓಣಿಯ ಮಕ್ಕಳೆಲ್ಲ ಅವರನ್ನು ಖಾಲಾ ಅಂತಲೇ ಕರೆಯುತ್ತಿದ್ದೆವು. ಅವರ ಗಂಡ ತೀರಿಹೋಗಿದ್ದರು, ಒಬ್ಬನೇ ಮಗ ಸೋಲಾಪುರದ ಗಿರಣಿಯಲ್ಲಿದ್ದ. ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಊರವರಿಗೆ ಕೌದಿ ಹೊಲಿದುಕೊಡುತ್ತಿದ್ದರು. ಎತ್ತರದ ಆಳು, ದನಿ ಮಾತ್ರ ಬಹಳ ಸಣ್ಣದು.

ಆ ವರ್ಷ ಅವ್ವನ ಹೊಟ್ಟೆಯಲ್ಲಿ ಗಡ್ಡೆಯಾಗಿ, ಆಪರೇಷನ್ನಿಗೆಂದು ಮಿರಜಿಗೆ ಕರೆದೊಯ್ದರು. ಜೊತೆಗೆ ಅಜ್ಜಿ ಹೋದಳು. ಮನೆಯಲ್ಲಿ ಉಳಿದದ್ದು ಅಪ್ಪ ಮತ್ತು ನಾವು ಮೂವರು ಹುಡುಗರು. ನಾನು ಹಿರಿಯ, ಸಾಲೆಯಲ್ಲಿ ಆರನೆಯ ಇಯತ್ತೆ. ಎರಡನೆಯವ ನನಗಿಂತ ಸ್ವಲ್ಪ ಚಿಕ್ಕವ. ಕೊನೆಯವನಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗಾಂಧಿ ಚೌಕದ ಕಾಳಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನಿಗೆ ಒಲೆ ಹೊತ್ತಿಸುವುದೂ ತಿಳಿಯದು. ಖಾನಾವಳಿಯಿಂದ ತಂದ ರೊಟ್ಟಿ ಸಂಜೆಯ ಹೊತ್ತಿಗೆ ಕಟ್ಟಿಗೆಯಾಗುತ್ತಿತ್ತು.

ಬಬಲೇಶ್ವರದ ಅತ್ತೆ ಬಂದು ನೋಡಿ ಹಣೆ ಬಡಿದುಕೊಂಡಳು. ಸಣ್ಣವನನ್ನು ತಾನು ಒಯ್ಯುವುದು, ನಡುವಿನವನನ್ನು ತಿಕೋಟಾದ ಸೋದರಮಾವನ ಮನೆಗೆ ಕಳಿಸುವುದು ಎಂದು ಗೊತ್ತು ಮಾಡಿದಳು. ಅಪ್ಪ ತಲೆತಗ್ಗಿಸಿ ಹೂಂ ಅಂದ. ಬರುವ ರವಿವಾರ ಬಂದು ಕರೆದೊಯ್ಯುವುದಾಗಿ ಹೇಳಿ ಅತ್ತೆ ಬಸ್ಸು ಹತ್ತಿದಳು. ಅವತ್ತಿನಿಂದ ಸಣ್ಣವ ನನ್ನ ಅಂಗಿಯ ಚುಂಗು ಬಿಡಲಿಲ್ಲ.

ಗೋಡೆಯಾಚೆ ಎಲ್ಲ ಕೇಳಿಸಿತ್ತೇನೋ. ಮರುದಿನ ಮುಂಜಾನೆ ಖಾಲಾ ನಮ್ಮ ಬಾಗಿಲಿಗೆ ಬಂದು ಅಪ್ಪನಿಗೆ, "ಅಣ್ಣಾರ, ರವಿವಾರದ ತನಕ ಈ ಹುಡುಗರನ್ನ ನನ್ನ ಕೈಯಾಗ ಬಿಡ್ರಿ" ಅಂದರು.

ಆಮೇಲೆ ಅಡುಗೆಮನೆಯ ಹೊಸ್ತಿಲ ಹೊರಗೆ ಕೌದಿ ಹರವಿ ಹೊಲಿಯುತ್ತ ಕುಳಿತರು. ಒಳಗೆ ಕಾಲಿಡಲಿಲ್ಲ. ನಾನು ಕರೆದರೆ ತಲೆಯಾಡಿಸಿದರು.

"ಬ್ಯಾಡ ಬೇಟಾ. ನಿಮ್ಮವ್ವ ಇಲ್ಲದಾಗ ನಾ ಒಳಗ ಬಂದ್ರ ನಾಳೆ ಯಾರರೆ ಆಕಿಗೆ ಮಾತಂತಾರ. ನಾ ಹೇಳ್ತೇನಿ, ನೀ ಮಾಡು."

ಅವರು ಕೈ ಹಾಕದ್ದರಿಂದ ಎಲ್ಲವನ್ನೂ ನಾವೇ ಮಾಡಬೇಕಾಯಿತು. ಒಲೆಗೆ ಮೊದಲು ಸಣ್ಣ ಸೀಳು, ಆಮೇಲೆ ದಪ್ಪ ಕಟ್ಟಿಗೆ. ಹಿಟ್ಟು ನಾದುವಾಗ ಅಂಗೈಯ ಬುಡದ ಬಲ. ನನ್ನ ಮೊದಲ ರೊಟ್ಟಿ ಬಡಿಯುವಾಗಲೇ ಮೂರು ಕಡೆ ಹರಿಯಿತು, ಎರಡನೆಯದು ಎತ್ತುವಾಗ ಮಡಚಿಕೊಂಡಿತು. ಖಾಲಾ ಸೂಜಿಯಿಂದ ಕಣ್ಣೆತ್ತದೆ, "ಹರದಿದ್ದ ಇತ್ತ ಕೊಡು, ನನಗ ನಾಷ್ಟಾ ಆಗ್ತೈತಿ. ಇನ್ನೊಂದ ಬಡಿ" ಅನ್ನುತ್ತಿದ್ದರು. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ನೀರು ಸವರಬೇಕು, ನೀರು ಆರುವುದರೊಳಗೆ ಮಗುಚಬೇಕು… ಬೆರಳು ಸುಟ್ಟು ಅಳು ಬಂದರೂ ನುಂಗಿಕೊಂಡೆ.

ನಡುವಿನವ ಅಂಗಿಗಳ ಕೊರಳಪಟ್ಟಿಗೆ ಮೊದಲು ಸಾಬೂನು ಹಚ್ಚಿ ತಿಕ್ಕುವುದನ್ನೂ ಗುಂಡಿ ಹಚ್ಚುವುದನ್ನೂ ಕಲಿತ. ಸಣ್ಣವ ಮೊರದ ಮುಂದೆ ಕೂತು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದ. ಒಮ್ಮೊಮ್ಮೆ ಅಕ್ಕಿಯನ್ನೇ ಎಸೆದು ಹರಳು ಉಳಿಸುತ್ತಿದ್ದ! ಓಣಿಯ ಹುಡುಗರು "ಏನ್ಲೇ, ಬಳಿ ಯಾವಾಗ ಇಟ್ಕೊಳ್ತಿ?" ಎಂದು ನನ್ನನ್ನು ಕಾಡಿದರು. ಖಾಲಾ ಹೊರಗೆ ಹೋಗಿ, "ಹಸಿವು ನಿಮಗ ಆಗಂಗಿಲ್ಲೇನ್ರೋ? ನೀವೂ ಬರ್ರಿ, ಕಲಿಸ್ತೇನಿ" ಅಂದಾಗ ಎಲ್ಲ ಓಟ ಕಿತ್ತರು.

ರವಿವಾರ ಅತ್ತೆ ಬಂದಳು. ಸಣ್ಣವ ಅವಳನ್ನು ಕಂಡದ್ದೇ ಕಾಳಿನ ಚೀಲದ ಹಿಂದೆ ಅಡಗಿದ. ನಾನು ತಾಟಿನಲ್ಲಿ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಉಳ್ಳಾಗಡ್ಡಿ ಇಟ್ಟೆ. ಅತ್ತೆ ಒಂದು ತುತ್ತು ಮುರಿದು ಬಾಯಿಗಿಟ್ಟಳು.

"ಯಾರ್ ಮಾಡ್ಯಾರ ಇದನ್ನ?"

"ನಾ ಮಾಡೇನತ್ತಿ."

ಅವಳ ಕಣ್ಣು ಹೊಸ್ತಿಲಾಚೆ ಕುಳಿತಿದ್ದ ಖಾಲಾ ಕಡೆ ಹೊರಳಿತು.

"ನೀವು ಒಳಗ ಬಂದಿದ್ರೇನ್ರಿ?"

"ಇಲ್ರಿ ಅಕ್ಕಾರ. ಇಲ್ಲೇ ಕುಂತು ಬಾಯಿಲೆ ಹೇಳೇನಿ, ಅಷ್ಟ."

ಅತ್ತೆ ಊಟ ಮುಗಿಸಿ ಕೈ ತೊಳೆದಳು, ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿಗಳನ್ನು ಮುಟ್ಟಿ ನೋಡಿದಳು. ಚೀಲದ ಹಿಂದಿನಿಂದ ಸಣ್ಣವನನ್ನು ಎಳೆದು ಅವನ ಮೂಗು ಒರೆಸಿ, "ಇರ್ಲಿ ಬಿಡು, ಇಲ್ಲೇ ಇರ್ಲಿ" ಅಂದಳು. ಅವತ್ತು ನನ್ನ ಮೈಯೆಲ್ಲ ಹಗುರಾದ ರೀತಿ… ಪರೀಕ್ಷೆ ಪಾಸಾದಾಗಲೂ ನೌಕರಿ ಸಿಕ್ಕಾಗಲೂ ಹಾಗೆ ಅನಿಸಲಿಲ್ಲ. ಅತ್ತೆಯ ಬಸ್ಸು ಹೋಯಿತೆಂದು ಅಪ್ಪ ಬಂದು ಹೇಳುವವರೆಗೂ ಸಣ್ಣವ ನನ್ನ ತೊಡೆಯ ಮೇಲಿಂದ ಇಳಿಯಲಿಲ್ಲ.

ಅವ್ವ ಬಂದದ್ದು ಮಳೆಗಾಲ ಕಳೆದ ಮೇಲೆ, ಸೊರಗಿ, ಆದರೆ ಗುಣವಾಗಿ. ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಗೋಡೆ ಹಿಡಿದು ನಡೆಯುತ್ತ ತಾನೇ ಪಕ್ಕದ ಮನೆಗೆ ಹೋಗಿ ಖಾಲಾ ಅವರ ಕೈ ಹಿಡಿದು ಕರೆತಂದು, ಒಲೆಯ ಪಕ್ಕದ ಮಣೆಯ ಮೇಲೆ ಕೂರಿಸಿದಳು. "ನನ್ನ ಮಕ್ಕಳು ಒಂದ ಮನ್ಯಾಗ ಉಳದಾವಲ್ರಿ" ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾಲಾ ನಾಚಿ ನಗುತ್ತಿದ್ದರು.

ಕೆಲವು ವರ್ಷಗಳ ಮೇಲೆ ಮಗ ಅವರನ್ನು ಸೋಲಾಪುರಕ್ಕೆ ಕರೆದೊಯ್ದ. ತೀರಿಕೊಂಡ ಸುದ್ದಿ ಯಾರದೋ ಬಾಯಿಂದ ಬಹಳ ತಡವಾಗಿ ಬಂತು.

ಈ ಸಲ ಜೋರಾಪುರ ಪೇಟೆಗೆ ಹೋದಾಗ ನಾವು ಮೂವರೂ ಅಣ್ಣತಮ್ಮಂದಿರು ಆ ಓಣಿಗೆ ಹೋದೆವು. ಅವರ ಮನೆಯ ಜಾಗದಲ್ಲಿ ಮಹಡಿ ಮನೆ ಎದ್ದಿದೆ. ಬಾಗಿಲಲ್ಲಿದ್ದ ತರುಣ, "ಯಾರ್ ಬೇಕಾಗಿತ್ರಿ?" ಎಂದು ಮರ್ಯಾದೆಯಿಂದ ಕೇಳಿದ. ಹೇಳಲು ಬಾಯಿ ತೆರೆದು ತಮ್ಮಂದಿರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಖಾಲಾ ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು… ಅವ್ವನೂ ಈಗಿಲ್ಲ.