ಮೂರು ಪ್ರಶ್ನೆ, ಮೂರಕ್ಕೂ ಇಂಗ್ಲಿಷ್

"ಅಮ್ಮಾ, ವೇರ್ ಈಸ್ ಅವರ್ಸ್?" ಅಂತ ನನ್ನ ಮಗಳು ತನ್ವಿ ಗೋಡೆಯ ಮೇಲೆ ಬೆರಳಾಡಿಸುತ್ತಾ ಕೇಳಿದಳು.

ಹೋದ ಬೇಸಿಗೆಯಲ್ಲಿ ನಾವಿರುವ ಅಲ್ಫರೆಟಾ ಊರಲ್ಲೇ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿದೆವು. ಹೊಸ ಅಡ್ರೆಸ್ ಅಂದ್ರೆ ಹೊಸ ಸ್ಕೂಲ್. ಲೀಸ್ ಪೇಪರ್, ಕರೆಂಟ್ ಬಿಲ್ ಹಿಡಿದುಕೊಂಡು, ಐದನೇ ಗ್ರೇಡಿಗೆ ಹೋಗಬೇಕಿದ್ದ ಅವಳನ್ನೂ ಕರೆದುಕೊಂಡು, ಕೌಂಟಿಯ ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿಗೆ ಹೋಗಿದ್ದೆ.

ಅಲ್ಲಿ ಕಾಯುವ ಜಾಗದಲ್ಲಿ ಒಂದು ಇಡೀ ಗೋಡೆಗೆ 'ಸ್ವಾಗತ' ಅಂತ ಬೇರೆ ಬೇರೆ ಭಾಷೆಗಳಲ್ಲಿ ಬರೆದಿದ್ದಾರೆ. ಸ್ಪ್ಯಾನಿಷ್, ಕೊರಿಯನ್, ತೆಲುಗು, ತಮಿಳು, ಗುಜರಾತಿ...

ಕನ್ನಡ ಇಲ್ಲ.

ನನಗೆ ಮೊದಲೇ ಮೂಗಿನ ತುದೀಲಿ ಕೋಪ. ಸೀದಾ ಕೌಂಟರಿಗೆ ಹೋದೆ. ಗಣೇಶನ ಹಬ್ಬ ಬಂದರೆ ಕ್ಲಬ್‌ಹೌಸಿನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅಷ್ಟು ಜನ ಇದ್ದೀವಿ, ನಮ್ಮ ಭಾಷೆ ಹೇಗೆ ಮರೆತಿರಿ ಅಂತ ಕೇಳಿಯೇಬಿಟ್ಟೆ.

ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸು ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. ಭಾಷೆ ಆರಿಸೋದು ನಾವಲ್ಲ ಅಂದರು. ಮಗುವನ್ನು ಮೊದಲ ಸಲ ಸೇರಿಸುವಾಗ ಮನೆಯ ಭಾಷೆ ಯಾವುದು ಅಂತ ಒಂದು ಫಾರ್ಮ್ ತುಂಬಿಸ್ತಾರೆ. ಅದರಲ್ಲಿ ಅಪ್ಪ ಅಮ್ಮಂದಿರು ಬರೆದ ಭಾಷೆಗಳೇ ಗೋಡೆಗೆ ಬರೋದಂತೆ.

ತನ್ವಿಯ ಫೈಲ್ ಹೇಗೂ ತೆರೆದಿತ್ತು. ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು.

ಮಗುವಿಗೆ ಚೆನ್ನಾಗಿ ಅರ್ಥವಾಗುವ ಭಾಷೆ ಯಾವುದು? ಮನೆಯಲ್ಲಿ ಮಗು ಹೆಚ್ಚಾಗಿ ಆಡುವ ಭಾಷೆ ಯಾವುದು? ಮನೆಯ ದೊಡ್ಡವರು ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡ್ತಾರೆ?

ಮೂರಕ್ಕೂ ಇಂಗ್ಲಿಷ್. ನನ್ನದೇ ಕೈಬರಹ, ಕೆಳಗೆ ನನ್ನದೇ ಸೈನ್.

ತನ್ವಿಯೂ ಓದಿದಳು. ಆಮೇಲೆ ನನ್ನ ಮುಖ ನೋಡಿದಳು.

ಆ ಫಾರ್ಮ್ ತುಂಬಿದ್ದು 2020ರ ಬೇಸಿಗೆಯಲ್ಲಿ. ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕಿತ್ತು, ಕೋವಿಡ್ ಅಂತ ಆಫೀಸು ಮುಚ್ಚಿತ್ತು. ಫಾರ್ಮ್ ಪ್ರಿಂಟ್ ತೆಗೆದು, ತುಂಬಿ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಬೇಕು. ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನ ಹಿರಿಯಕ್ಕ ಲತಕ್ಕನಿಗೆ ಫೋನ್ ಮಾಡಿದೆ.

"ಕನ್ನಡ ಅಂತೇನಾದ್ರೂ ಬರ್ದೀಯಾ ಮತ್ತೆ! ಟೆಸ್ಟ್ ಮಾಡಿ, ಇಂಗ್ಲಿಷ್ ಬರಲ್ಲ ಅಂತ ಮಗೂನ ಬೇರೆ ಕ್ಲಾಸಲ್ಲಿ ಕೂರಿಸ್ತಾರೆ. ನಾವೆಲ್ಲಾ ಇಂಗ್ಲಿಷ್ ಅಂತಾನೇ ಹಾಕಿರೋದು, ಸುಮ್ನೆ ಹಾಕಮ್ಮ" ಅಂದರು.

ಹಾಕಿದೆ.

ಆಗ ತನ್ವಿಗೆ ಇಂಗ್ಲಿಷ್ ಬರುತ್ತಿದ್ದುದು ಟಿವಿಯಲ್ಲಿ ಕೇಳಿದಷ್ಟೇ. ಊಟ ಸಾಕಾದರೆ "ಹೊಟ್ಟೇಲಿ ಜಾಗ ಖಾಲಿ ಇಲ್ಲಮ್ಮ" ಅನ್ನೋಳು. ಹೊಸ ಬ್ಯಾಗು ತಬ್ಬಿಕೊಂಡು ದಿನಾ ಕೇಳೋಳು, "ಅಮ್ಮಾ, ನಾಳೆ ಸ್ಕೂಲ್ ಇದ್ಯಾ?"

ಬರೆದ ಸುಳ್ಳನ್ನು ನಿಜ ಮಾಡಬೇಕಿತ್ತಲ್ಲ... ಟೀಚರ್ ಮುಂದೆ ಸಿಕ್ಕಿಬೀಳಬಾರದು ಅಂತ ಆವತ್ತಿನಿಂದ ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿದೆ. ಎರಡು ತಿಂಗಳು ಅಂದುಕೊಂಡಿದ್ದೆ.

ಐದು ವರ್ಷ ಆಯ್ತು.

ಈಗ ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ. ಮೈಸೂರಿನಿಂದ ನಮ್ಮಮ್ಮ ಫೋನ್ ಮಾಡಿದರೆ "ಊಟ ಆಯ್ತು, ಅಜ್ಜಿ" ಅಂದು ಫೋನ್ ನನ್ನ ಕೈಗೆ ಕೊಡ್ತಾಳೆ. ಮಗಳು ಇಲ್ಲೇ ಪಕ್ಕದಲ್ಲಿದ್ದಾಳೆ, ಆದರೂ ಆ ಐದು ವರ್ಷದ ಹುಡುಗಿಯ ಮಾತು ಕೇಳಬೇಕು ಅಂತ ಎಷ್ಟು ಆಸೆಯಾಗುತ್ತೆ ಅಂದ್ರೆ, ಹಳೇ ವೀಡಿಯೋ ಹಾಕಿಕೊಂಡು ಕೂರ್ತೀನಿ. ನಗಬೇಡಿ.

ಆ ಫಾರ್ಮ್ ತಿದ್ದಬಹುದಾ ಅಂತ ಕೌಂಟರಿನವರನ್ನು ಕೇಳಿದೆ. ಆಗಲ್ವಂತೆ. ಅದನ್ನು ಡಿಸ್ಟ್ರಿಕ್ಟಿಗೆ ಸೇರುವಾಗ ಒಂದೇ ಸಲ ತುಂಬೋದು, ಸ್ಕೂಲ್ ಬದಲಾದರೂ ಅದೇ ಫೈಲ್ ಜೊತೆಗೆ ಹೋಗುತ್ತೆ.

ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ. ಸ್ಕೂಲಿನಿಂದ ಬರುವ ಮೆಸೇಜುಗಳ ಭಾಷೆಯನ್ನು ಮಾತ್ರ ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತ ಹೇಳಿ ಒಂದು ಪಟ್ಟಿ ತೆರೆದರು. ಅದರಲ್ಲಿ ಕನ್ನಡ ಇತ್ತು! ಮೊದಲಿನಿಂದಲೂ ಇತ್ತಂತೆ.

ಒತ್ತಿದೆ. ಕಣ್ಣು ತುಂಬಿ ಬಂತು, ಪಾರ್ಕಿಂಗ್‌ವರೆಗೂ ತನ್ವಿಯ ಕೈ ಬಿಡಲಿಲ್ಲ.

ಅವಳು ಮನೆಗೆ ಬಂದವಳೇ ಅಜ್ಜಿ ಕಳಿಸಿದ್ದ ಅಕ್ಷರಮಾಲೆ ಪುಸ್ತಕ ಹುಡುಕಿ ತೆಗೆದಳು. ನಾನೇನೂ ಹೇಳಿರಲಿಲ್ಲ. ಭಾನುವಾರ ಭಾನುವಾರ ಅರ್ಧ ಗಂಟೆ ಕೂರ್ತಾಳೆ, ಒತ್ತಕ್ಷರ ಬಂದರೆ ಮುಖ ಸಿಂಡರಿಸ್ತಾಳೆ.

ಮೊನ್ನೆ ಜನವರಿಯಲ್ಲಿ ರಸ್ತೆಗಳೆಲ್ಲಾ ಐಸ್ ಕಟ್ಟುತ್ತೆ ಅಂತ ಫೋರ್‌ಕಾಸ್ಟ್ ಇತ್ತಲ್ಲ, ಆವತ್ತು ಸಂಜೆ. ನಾನು ಒಲೆ ಮುಂದೆ ದೋಸೆ ಹಾಕ್ತಿದ್ದೆ. ಟೇಬಲ್ ಮೇಲಿದ್ದ ನನ್ನ ಫೋನಿಗೆ ಡಿಸ್ಟ್ರಿಕ್ಟಿನಿಂದ ಮೆಸೇಜ್ ಬಂತು. ಕಂಪ್ಯೂಟರ್ ಮಾಡಿದ ಅನುವಾದ, ಅರ್ಧಕ್ಕರ್ಧ ವಾಕ್ಯಗಳಿಗೆ ತಲೆಬುಡ ಇಲ್ಲ.

ತನ್ವಿ ಬೆರಳಿಟ್ಟು ಓದತೊಡಗಿದಳು. "ನಾ... ಳೆ... ಶಾ... ಲೆ..." ಮುಂದಿನದು ಅವಳಿಗೆ ಉದ್ದ ಆಯ್ತು, ಆದರೆ ವಿಷಯ ಹೊಳೆಯಿತು. ಕುರ್ಚಿಯಿಂದ ಹಾರಿ ಕೂಗಿದಳು.

"ಅಮ್ಮಾ! ನಾಳೆ ಸ್ಕೂಲ್ ಇಲ್ಲ!"

ಐದು ವರ್ಷದಿಂದ ಕಾದಿದ್ದ ಮಾತು ಸ್ವಾಮಿ ಅದು. ಅದಕ್ಕೆ ನಾನು, ಸೌಟು ಹಿಡಿದುಕೊಂಡು, ತಿರುಗಿ ಏನಂದೆ ಗೊತ್ತಾ?

"ರಿಯಲೀ, ಸ್ವೀಟಿ?"

ನಿಮ್ಮ ಮಕ್ಕಳನ್ನು ಸೇರಿಸುವಾಗ ಆ ಮೂರು ಪ್ರಶ್ನೆಗೆ ನೀವೇನು ಬರೆದಿರಿ?