ಪೆಡಲ್ ಮೇಲಿಂದ ಕಾಲು ತೆಗೆಯಲಿಲ್ಲ

“ಏನ್ ಟೀಚ್ರೆ ಇದು? ಸರಸ್ವತೀನ ಕಾಲಲ್ಲಿ ತುಳೀತಾ ಇದ್ದೀರಲ್ಲ!”

ಕಳೆದ ಸೋಮವಾರ ಸಂಜೆ ಸೋಲೂರಿನ ವಾರದ ಭಜನೆ ಕಾರ್ಯಕ್ರಮದಲ್ಲಿ ನನಗೆ ಸಿಕ್ಕ ಸ್ವಾಗತ ಇದು. ಹೇಳಿದವರು ಭಜನಾ ಮಂಡಳಿಯ ಅಧ್ಯಕ್ಷ ರುದ್ರಪ್ಪನವರು. ನಾನಿನ್ನೂ ವೇದಿಕೆ ಮೇಲೆ ಒಂದೆರಡು ಸ್ವರ ನುಡಿಸಿ ನೋಡುತ್ತಿದ್ದೆ. ಎದುರಿಗೆ ಜನ ಬಂದು ಕೂತಾಗಿತ್ತು.

ನಾನು ಕನಕಪುರದಲ್ಲಿ ಪಿಟೀಲು ಕಲಿಸುವವಳೆಂದು ಈ ಅಂಕಣ ಓದುವ ನಿಮಗೆ ಗೊತ್ತು. ಹೋದ ವರ್ಷ ಸ್ಕೂಟರಿನಿಂದ ಬಿದ್ದು ಬಲಭುಜ ಮುರಿದುಕೊಂಡದ್ದೂ ಗೊತ್ತು. (ನೀವು ಫೋನ್ ಮಾಡಿ ಹೇಳಿದ ಎಣ್ಣೆಗಳನ್ನೆಲ್ಲ ಹಚ್ಚಿದ್ದೇನೆ!) ಮೂಳೆ ಕೂಡಿತು, ತೋಳು ಮೇಲೇಳಲಿಲ್ಲ. ಕಮಾನು ಎಳೆಯಲಾಗದ ಪಿಟೀಲಿನವಳು ಏನು ಮಾಡಬೇಕು? ಸುಮ್ಮನೆ ಮನೆಯಲ್ಲಿ ಕೂರಬೇಕೇ?

ಕೂರಲಿಲ್ಲ. ಮಿಡಿ ಕಂಟ್ರೋಲರ್ ತಂದೆ. (ಮಾವಿನ ಮಿಡಿಯಲ್ಲ.) ನೋಡಲು ಕೀಬೋರ್ಡ್. ಅದಕ್ಕೆ ಸ್ವಂತ ದನಿಯಿಲ್ಲ. ಪಿಟೀಲಿನ ದನಿ ಇರುವುದು ಲ್ಯಾಪ್‌ಟಾಪಿನಲ್ಲಿ. ಮೊದಲ ದಿನ ಕೀ ಒತ್ತಿದರೆ ಬಂದದ್ದು ಪಿಟೀಲಲ್ಲ, ರಿವರ್ಸ್ ತೆಗೆಯುವ ಕಾರಿನ ಸದ್ದು. ಶುರುವಿನಿಂದ ಕೊನೆಯವರೆಗೆ ಒಂದೇ ಮಟ್ಟ. ಅತ್ತುಬಿಟ್ಟೆ.

ಆಮೇಲೆ ಕಾಲಿನ ಪೆಡಲ್ ಸೇರಿಸಿದೆ. ಒತ್ತಿದರೆ ಸ್ವರ ತುಂಬಿಕೊಳ್ಳುತ್ತದೆ, ಸಡಿಲಿಸಿದರೆ ಎಳೆಯಷ್ಟು ತೆಳುವಾಗುತ್ತದೆ. ಕಮಾನು ಮಾಡುತ್ತಿದ್ದ ಕೆಲಸವನ್ನು ಪಾದ ಕಲಿಯಿತು. ಬಲಗೈ ಮೇಜಿಗೆ ಒರಗಿಕೊಂಡೇ ಕೀ ಒತ್ತುತ್ತದೆ. ಎಡಗೈ ಕೀಗಳ ಪಕ್ಕದ ಚಕ್ರ ತಿರುಗಿಸಿದರೆ ಸ್ವರ ಜಾರಿ ಗಮಕ ಬರುತ್ತದೆ. ತಿಂಗಳುಗಟ್ಟಲೆ ಅಭ್ಯಾಸ. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೂಗಿ ಕೇಳಿದರು: “ಕೈ ಸರಿಹೋಯ್ತಾ ಟೀಚ್ರೆ?”

ಈಗ ರುದ್ರಪ್ಪನವರ ಕಣ್ಣಿಗೆ ಬಿದ್ದದ್ದು ಆ ಪೆಡಲ್ಲೇ.

“ಕಾಲು ತೆಗೆದು ಬರೀ ಕೈಯಾಗೆ ನುಡ್ಸಿ.”

“ಆಗ ಅದು ಪಿಟೀಲಾಗಲ್ಲ ಸಾರ್, ಪೀಪಿ ಆಗುತ್ತೆ.”

ಅವರು ಹತ್ತಿರ ಬಗ್ಗಿ ದನಿ ತಗ್ಗಿಸಿದರು. “ಹಂಗಾದ್ರೆ ಮೇಜಿಗೆ ಒಂದು ಬಟ್ಟೆ ಇಳೇಬಿಟ್ಬುಡಿ. ಜನಕ್ಕೆ ಕಾಣ್ದಂಗೆ ಇದ್ರಾಯ್ತು.”

ದೇವರಿಗೆ ಕಂಡರೆ ಪರವಾಗಿಲ್ಲ, ಜನಕ್ಕೆ ಕಾಣಬಾರದು!

ರೇಗಿತು ನನಗೆ. ಬಟ್ಟೆಯಿಂದ ಮುಚ್ಚಿಡಲು ನಾನೇನು ಪೆಡಲ್ಲನ್ನು ಕದ್ದು ತಂದಿದ್ದೇನಾ? ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಾಲಲ್ಲೇ ಗಾಳಿ ಒತ್ತುತ್ತಾರೆ. ಅವರನ್ನು ಯಾರು ತಡೆದಿದ್ದಾರೆ?

“ಬಟ್ಟೆ ಹಾಕಲ್ಲ” ಎಂದೆ. ಎಡಗೈಯಲ್ಲೇ ಮೇಜನ್ನು ವೇದಿಕೆಯ ಅಂಚಿಗೆ ಎಳೆದೆ. ಬರಿಗಾಲನ್ನು ಎಲ್ಲರಿಗೂ ಕಾಣುವ ಹಾಗೆ ಪೆಡಲ್ ಮೇಲಿಟ್ಟೆ.

ಅವತ್ತು ಹಾಡಬೇಕಿದ್ದವಳು ಗೌರಮ್ಮ. ಸೋಲೂರಿನವಳೇ, ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾಳೆ. ಅವಳು ಮೈಕ್ ಹತ್ತಿರ ಬಂದು ನಿಂತಳು. “ನುಡ್ಸಕ್ಕ ನೀನು. ನಾ ಹಾಡ್ತೀನಿ.”

ನುಡಿಸಿದೆ. ರುದ್ರಪ್ಪನವರೂ ಮುಂದಿನ ಸಾಲಿನ ಕೆಲವರೂ ಎದ್ದು ಹೋದರು. ಮಿಕ್ಕವರು ಕೂತರು. ಮೊದಮೊದಲು ನನ್ನ ಪಾದವನ್ನೇ ನೋಡುತ್ತಿದ್ದವರು ಆಮೇಲೆ ಕಣ್ಣುಮುಚ್ಚಿ ತಾಳ ಹಾಕತೊಡಗಿದರು.

ನಿನ್ನೆ ಗೌರಮ್ಮನ ಫೋನ್. “ಮುಂದಿನ್ ವಾರಕ್ಕೆ ನುಡ್ಸಾಕೆ ಮಂಡ್ಳಿಯೋರು ಬ್ಯಾರೆಯೋರ್ನ ಕರ್ಸವ್ರಂತೆ ಕಣಕ್ಕ. ನಾನೂ ಹೋಗಾಕಿಲ್ಲ. ನಮ್ಮನೆ ಜಗ್ಲಿ ಮ್ಯಾಲೇ ಭಜನೆ ಇಟ್ಕಳಾವ. ಬಂದ್ಬುಡು.”

ಹೋಗುತ್ತೇನೆ. ಪೆಡಲ್ ಸಮೇತ.

ಕೈ ಸೋತಾಗ ಕಾಲು ದುಡಿದರೆ, ಅದರಲ್ಲಿ ದೇವರು ಮುನಿಸಿಕೊಳ್ಳುವಂಥದ್ದು ಏನಿದೆ ಹೇಳಿ?